ಈ ಥರದ ಕಾರು ಎಷ್ಟು ತಯಾರಾಗಿದ್ದವು?

(ಡೆಟ್ರಾಯಿಟ್ ಹತ್ತಿರ ಕನ್ನಡಿಗರ ಒಂದು ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ)

ಆಗಸ್ಟ್ ತಿಂಗಳ ಮೂರನೇ ಶನಿವಾರ ನಿಮ್ಮಲ್ಲಿ ಹೆಚ್ಚಿನವರು ವುಡ್‌ವರ್ಡ್ ಅವೆನ್ಯೂ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತೀರಿ. 1995ರಲ್ಲಿ ಶುರುವಾದ ಡ್ರೀಮ್ ಕ್ರೂಸ್, ಹಳೆಯ ಕಾರುಗಳ ಮೆರವಣಿಗೆ. ಊರಿಂದ ಅಪ್ಪ ಅಮ್ಮ ಬಂದಿದ್ದರೆ ಅವರನ್ನೂ ಕರೆದುಕೊಂಡು ಹೋಗಿ, ತೇರು ತೋರಿಸಿದ ಹಾಗೆ ಕಾರು ತೋರಿಸುತ್ತೀರಿ. ಅಲ್ಲಿ ನಿಲ್ಲಿಸಿದ ಹಳೆಯ ಕಾರುಗಳ ಗಾಜಿನ ಹಿಂದೆ ಒಂದು ರಟ್ಟು ಇರುತ್ತದೆ. ವರ್ಷ, ಎಂಜಿನ್, ಬಣ್ಣ, ಆಮೇಲೆ ದಪ್ಪ ಅಕ್ಷರದಲ್ಲಿ ಒಂದು ಸಾಲು: ‘ಈ ಥರದ್ದು ತಯಾರಾದದ್ದು 4 ಮಾತ್ರ’.

ಇವತ್ತು ನಾನು ಮಾತಾಡಬೇಕು ಅಂತ ಬಂದಿರುವುದು ಆ 4ರ ಬಗ್ಗೆ. ಅದು ಎಲ್ಲಿಂದ ಬಂತು? ಯಾರು ಎಣಿಸಿದರು? ಎಣಿಸಿದರೋ, ಅಂದಾಜು ಮಾಡಿದರೋ?

ನನಗೆ ಇದು ಸುಮ್ನೆ ಹುಟ್ಟಿದ ಕುತೂಹಲ ಅಲ್ಲ. ನನ್ನ ಗೆಳೆಯರೊಬ್ಬರು ಹತ್ತು ವರ್ಷ ಉಳಿಸಿದ ದುಡ್ಡಿನಲ್ಲಿ 1970ರ ಒಂದು ಕಾರು ಕೊಂಡರು. ಮಾರಿದವರು ‘ನಾಲ್ಕರಲ್ಲಿ ಒಂದು’ ಅಂದಿದ್ದರು. ಆ ಮಾತಿಗೇ ಬೆಲೆ ಏರಿತ್ತು. ಎರಡು ವರ್ಷ ಕಳೆಯುವುದರೊಳಗೆ ಅದೇ ಥರದ ಐದನೆಯದು ಕಾಣಿಸಿತು, ಆಮೇಲೆ ಆರನೆಯದು. ಗೆಳೆಯರಿಗೆ ದುಡ್ಡು ಹೋಯಿತಲ್ಲ ಅನ್ನುವುದಕ್ಕಿಂತ, ತಾನು ಎಲ್ಲರಿಗೂ ಹೇಳಿಕೊಂಡು ಬಂದ ಮಾತು ಸುಳ್ಳಾಯಿತಲ್ಲ ಅಂತ ಸಂಕಟ. ನಾನು ಜೀವನವಿಡೀ ಕಾರ್ಖಾನೆಗಳಲ್ಲಿ ಗುಣಮಟ್ಟದ ಲೆಕ್ಕ ನೋಡಿದವನು. ಸಾವಿರ ಬೋಲ್ಟಿನಲ್ಲಿ ಐವತ್ತು ನೋಡಿ ಉಳಿದದ್ದು ಹೇಗಿದೆ ಅಂತ ಹೇಳುವುದೇ ನನ್ನ ಕಸುಬು. ಹಾಗಾಗಿ ಅವರ ಜೊತೆ ಕೂತೆ.

ಮೊದಲು ಒಂದು ಹಿನ್ನೆಲೆ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ಎಂಜಿನ್ ಹಾಕಿ ಮಾರುವ ಪದ್ಧತಿ ಜೋರಾಗಿದ್ದು 1964ರ ಪಾಂಟಿಯಾಕ್ ಜಿಟಿಒ ಇಂದ. ಆ ವರ್ಷ 32,450 ತಯಾರಾದವು. ಅಲ್ಲಿಂದ 1971–72ರವರೆಗಿನ ಈ ಬಗೆಯ ಕಾರುಗಳಿಗೆ ಮಸಲ್ ಕಾರು ಅನ್ನುತ್ತಾರೆ.

ಆಗ ಅಮೆರಿಕದಲ್ಲಿ ಕಾರು ಕೊಳ್ಳುವುದು ಹೇಗಿತ್ತು ಅನ್ನುವುದನ್ನು ಮನಸ್ಸಿಗೆ ತಂದುಕೊಳ್ಳಿ. ನಮ್ಮೂರಲ್ಲಿ ಅದೇ ಕಾಲಕ್ಕೆ ಅಂಬಾಸಿಡರ್‌ಗೋ ಫಿಯೆಟ್‌ಗೋ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕಿತ್ತು. ಬಂದದ್ದನ್ನು ತಗೊಳ್ಳಬೇಕು, ಅಷ್ಟೇ. ಇಲ್ಲಿ ಹಾಗಲ್ಲ. ಡೀಲರ್ ಮುಂದೆ ಕೂತು, ದರ್ಜಿಗೆ ಅಳತೆ ಕೊಟ್ಟು ಬಟ್ಟೆ ಹೊಲಿಸಿದ ಹಾಗೆ ಕಾರು ಬರೆಸಬಹುದಿತ್ತು. ಯಾವ ಎಂಜಿನ್, ಯಾವ ಗೇರು, ಯಾವ ಬಣ್ಣ, ಸೀಟಿಗೆ ಯಾವ ಬಟ್ಟೆ, ಮೇಲೆ ವಿನೈಲ್ ಹೊದಿಕೆ ಬೇಕೋ ಬೇಡವೋ, ರೇಡಿಯೊ ಯಾವುದು, ಪವರ್ ಸ್ಟಿಯರಿಂಗ್ ಬೇಕಾ, ಹಿಂದಿನ ಗಾಜಿಗೆ ಬಿಸಿ ಗಾಳಿ ಬೇಕಾ. ಕಾರ್ಖಾನೆ ಅದನ್ನೇ ಜೋಡಿಸಿ ಕಳಿಸುತ್ತಿತ್ತು.

ಈಗ ಚಿಕ್ಕ ಲೆಕ್ಕ. ‘ಬೇಕು’ ಅಥವಾ ‘ಬೇಡ’ ಅನ್ನುವ ಆಯ್ಕೆ ಹತ್ತು ಇದ್ದರೆ ಜೋಡಣೆಗಳು 1,024. ಇಪ್ಪತ್ತಿದ್ದರೆ 10 ಲಕ್ಷ ದಾಟುತ್ತದೆ, ಸರಿಯಾಗಿ 10,48,576. ಕಾರು ತಯಾರಾದದ್ದೋ ಮೂವತ್ತು ಸಾವಿರ. ಎಲ್ಲವನ್ನೂ ಸೇರಿಸಿ ಲೆಕ್ಕ ಹಾಕಿದರೆ ಬಹುಪಾಲು ಕಾರುಗಳು ತಮ್ಮ ಥರದ್ದರಲ್ಲಿ ಒಂದೇ ಒಂದು ಆಗಿಬಿಡುತ್ತವೆ. ಆಗ ‘ಒಂದರಲ್ಲಿ ಒಂದು’ ಅನ್ನುವ ಮಾತಿಗೆ ಏನು ಬೆಲೆ ಉಳಿಯಿತು? ಹಿಂದಿನ ಸೀಟಿನ ಸ್ಪೀಕರ್, ಬಾಗಿಲ ಅಂಚಿನ ಪಟ್ಟಿ ಇವನ್ನೂ ಎಣಿಕೆಗೆ ಸೇರಿಸಿದವರು ಯಾವ ಕಾರನ್ನು ಬೇಕಾದರೂ ಅಪರೂಪ ಮಾಡಬಹುದು.

ಹಾಗಾಗಿ ನಾನು ಗೆಳೆಯರಿಗೆ ಹೇಳಿದ ಮೊದಲ ಮಾತು: ಎಣಿಸುವ ಮೊದಲು ಗೆರೆ ಎಳೆಯಿರಿ. ಯಾವ ನಾಲ್ಕೈದು ಅಂಶ ಮುಖ್ಯ ಅಂತ ಮೊದಲೇ ಕಾಗದದ ಮೇಲೆ ಬರೆಯಿರಿ. ಬಾಡಿ, ಎಂಜಿನ್, ಗೇರು, ಬೇಕಿದ್ದರೆ ಬಣ್ಣ. ಎಣಿಸಿದ ಮೇಲೆ ಅಂಶ ಸೇರಿಸುತ್ತಾ ಹೋಗುವುದು, ಸಂಬಂಧ ಗೊತ್ತಾದ ಮೇಲೆ ಜಾತಕ ಬರೆಸಿದ ಹಾಗೆ. ಕೂಡಿಯೇ ಕೂಡುತ್ತದೆ.

ಗೆರೆ ಎಲ್ಲಿ ಎಳೆದಿರಿ ಅನ್ನುವುದರ ಮೇಲೆ ಅಂಕಿ ಎಷ್ಟು ಬದಲಾಗುತ್ತದೆ ನೋಡಿ. 1971ರ ಪ್ಲೈಮೌತ್ ಹೆಮಿ ಕುಡಾ ಕನ್ವರ್ಟಿಬಲ್: ಕ್ರೈಸ್ಲರ್ ಕಂಪನಿಯ ಕುಡಾ ಅನ್ನುವ ಕಾರು, ಹೆಮಿ ಅನ್ನುವ ದೊಡ್ಡ ಎಂಜಿನ್, ಮಡಚುವ ಚಾವಣಿ. 2014ರ ಜೂನ್‌ನಲ್ಲಿ ಸಿಯಾಟಲ್‌ನ ಹರಾಜಿನಲ್ಲಿ ಒಂದು ಕಾರಿಗೆ 35 ಲಕ್ಷ ಡಾಲರ್ ಕೂಗಿದರು. ಸಾಮಾನ್ಯವಾಗಿ ಒಪ್ಪುವ ಲೆಕ್ಕದಲ್ಲಿ ಅವು ತಯಾರಾದದ್ದು 11. ಆದರೆ ‘7 ಮಾತ್ರ’ ಅನ್ನುವವರೂ ಇದ್ದಾರೆ. ಅವರು ಅಮೆರಿಕದ ಒಳಗೆ ಮಾರಾಟವಾದದ್ದನ್ನಷ್ಟೇ ಎಣಿಸುತ್ತಾರೆ, ಹೊರದೇಶಕ್ಕೆ ಹೋದದ್ದನ್ನು ಬಿಡುತ್ತಾರೆ. ಎರಡೂ ಕಡೆ ಮೋಸ ಇಲ್ಲ. ಗೆರೆ ಬೇರೆ. ರಟ್ಟಿನ ಮೇಲೆ 7 ಅಂತ ಬರೆದು ಗೆರೆಯ ವಿಷಯ ಬರೆಯದೆ ಬಿಟ್ಟರೆ ಮಾತ್ರ ಓದಿದವರು ದಾರಿ ತಪ್ಪುತ್ತಾರೆ.

ಮುಂದಿನ ಪ್ರಶ್ನೆ, ದಾಖಲೆ ಏನಿದೆ? ಇದು ಕಂಪನಿಯಿಂದ ಕಂಪನಿಗೆ ಬೇರೆ.

ಫೋರ್ಡ್ ಕಾರು ಇಟ್ಟುಕೊಂಡವರು ಪುಣ್ಯವಂತರು. 1967ರಿಂದ ಮುಂದಿನ ಹಲವು ದಶಕಗಳ ಪ್ರತಿ ಕಾರಿನ ಉತ್ಪಾದನಾ ದಾಖಲೆ ಉಳಿದಿದೆ. ಕೆವಿನ್ ಮಾರ್ಟಿ ಅವರ ಸಂಸ್ಥೆ ಅದನ್ನು ಫೋರ್ಡ್‌ನಿಂದ ಲೈಸೆನ್ಸ್ ಪಡೆದು ಇಟ್ಟುಕೊಂಡಿದೆ. ಮಾರ್ಟಿ ರಿಪೋರ್ಟ್ ತರಿಸಿದರೆ ನಿಮ್ಮ ಬಣ್ಣ, ಎಂಜಿನ್, ಗೇರಿನ ಕಾರು ಎಷ್ಟು ಅಂತ ನಿಜವಾದ ಎಣಿಕೆ ಸಿಗುತ್ತದೆ. ಅಲ್ಲಿ ಅಂದಾಜಿನ ಕೆಲಸವೇ ಇಲ್ಲ. ಪಾಂಟಿಯಾಕ್‌ಗೂ ಒಳ್ಳೆಯ ದಾಖಲೆ ಇದೆ. ಕಾರ್ಖಾನೆಯಿಂದ ಡೀಲರ್‌ಗೆ ಹೋದ ಬಿಲ್ಲಿನ ಪ್ರತಿ ಪಿಎಚ್‌ಎಸ್ ಅನ್ನುವ ಸೇವೆಯ ಮೂಲಕ ಸಿಗುತ್ತದೆ.

ಕ್ರೈಸ್ಲರ್‌ನಲ್ಲಿ ಪ್ರತಿ ಕಾರಿನ ಬಿಲ್ಡ್ ಕಾರ್ಡ್, ಅಂದರೆ ಏನೇನು ಹಾಕಿ ತಯಾರಿಸಿದರು ಅನ್ನುವ ಚೀಟಿ, 1967ರ ಮಾಡೆಲ್‌ವರೆಗಿನದು ಉಳಿದಿದೆ. ಜನರಿಗೆ ಬೇಕಾದದ್ದು ಅದರ ನಂತರದ ನಾಲ್ಕು ವರ್ಷದ್ದು, ಅದು ಇಲ್ಲ. ಶೆವರ್ಲೆಯಲ್ಲಿ ಇನ್ನೂ ಕಷ್ಟ. ಯಾವ ಆಯ್ಕೆ ಒಟ್ಟು ಎಷ್ಟು ಮಾರಾಟವಾಯಿತು ಅನ್ನುವ ಮೊತ್ತ ಇದೆ. ಯಾವುದರ ಜೊತೆ ಯಾವುದು ಹೋಯಿತು ಅನ್ನುವುದು ಇಲ್ಲ. ಮದುವೆ ಮನೆಯಲ್ಲಿ ಎಷ್ಟು ಹೋಳಿಗೆ ಖರ್ಚಾಯಿತು, ಎಷ್ಟು ತುಪ್ಪ ಖರ್ಚಾಯಿತು ಅಂತ ಅಡುಗೆಯವರು ಹೇಳಬಲ್ಲರು. ಯಾರ್‍ಯಾರು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು ಅಂತ ಕೇಳಿದರೆ? ಅದನ್ನು ಯಾರೂ ಬರೆದಿಟ್ಟಿಲ್ಲ.

ಕಂಪನಿಯ ಹತ್ತಿರ ಇಲ್ಲದ್ದು ಕೆಲವು ಸಲ ಕಾರಿನೊಳಗೇ ಇರುತ್ತದೆ. ಈ ಭಾಗ ನನಗೆ ತುಂಬ ಇಷ್ಟ, ಸ್ವಲ್ಪ ಹೊತ್ತು ಇಲ್ಲೇ ನಿಲ್ಲುತ್ತೇನೆ.

1970ರ ಒಂದು ಕುಡಾದ ಬಾನೆಟ್ ಎತ್ತಿ. ಡ್ರೈವರ್ ಕಡೆಯ ಒಳ ಫೆಂಡರ್ (ಮಡ್‌ಗಾರ್ಡ್) ಮೇಲೆ ಅಂಗೈಯಲ್ಲಿ ಹಿಡಿಸುವ ಒಂದು ತಗಡು ಸ್ಕ್ರೂ ಹಾಕಿ ಕೂರಿಸಿರುತ್ತದೆ. ಅದರ ಮೇಲೆ ಅಕ್ಷರ, ಅಂಕಿ ಒತ್ತಿರುತ್ತಾರೆ. ಬೆರಳಾಡಿಸಿದರೆ ಕೈಗೆ ಸಿಗುತ್ತವೆ. ಇದನ್ನು ಕೆಳಗಿನ ಸಾಲಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಸಾಲಿನ ಮೊದಲಿಗೆ ‘ಇ74’ ಇದ್ದರೆ 426 ಹೆಮಿ ಎಂಜಿನ್ (426 ಅಂದರೆ ಘನ ಇಂಚಿನಲ್ಲಿ ಎಂಜಿನ್ನಿನ ಗಾತ್ರ). ಪಕ್ಕದಲ್ಲಿ ‘ಡಿ21’ ಇದ್ದರೆ ಕೈಯಲ್ಲಿ ಹಾಕುವ ಫೋರ್ ಸ್ಪೀಡ್ ಗೇರ್, ‘ಡಿ32’ ಇದ್ದರೆ ಆಟೊಮ್ಯಾಟಿಕ್. ಆಮೇಲೆ ‘ಬಿಎಸ್23 ಆರ್0ಬಿ’ ಅಂತ ಶುರುವಾಗುವ ನಂಬರ್. ಊರಲ್ಲಿ ನಾವು ಚಾಸಿ ನಂಬರ್ ಅನ್ನುತ್ತೇವಲ್ಲ, ಅದೇ. 23 ಅಂದರೆ ಎರಡು ಬಾಗಿಲಿನ, ಗಟ್ಟಿ ಚಾವಣಿಯ ಹಾರ್ಡ್‌ಟಾಪ್, ಆರ್ ಅಂದರೆ ಹೆಮಿ, 0 ಅಂದರೆ 1970, ಕೊನೆಯ ಬಿ ಅಂದರೆ ಕಾರು ತಯಾರಾದ ಊರು, ಹ್ಯಾಮ್‌ಟ್ರಾಮಿಕ್. ಇಲ್ಲೇ, ನಾವು ಕೂತ ಜಾಗದಿಂದ ಸ್ವಲ್ಪ ದೂರ. ಆ ಹಳೆಯ ಡಾಡ್ಜ್ ಮೇನ್ ಕಾರ್ಖಾನೆಯನ್ನು 1981ರಲ್ಲಿ ಕೆಡವಿದರು. ತಗಡಿನಲ್ಲಿ ಇನ್ನೂ ಮೇಲೆ ಹೋದರೆ ಬಣ್ಣದ ಗುರುತು. ‘ಎಫ್‌ಸಿ7’ ಇದ್ದರೆ ಆ ಗಾಢ ನೇರಳೆ.

ಇದರ ಜೊತೆ ಒಂದು ಕಾಗದವೂ ಇರುತ್ತಿತ್ತು, ಬ್ರಾಡ್‌ಕಾಸ್ಟ್ ಶೀಟ್. ಜೋಡಿಸುವವರಿಗೆ ಯಾವ ಭಾಗ ಹಾಕಬೇಕು ಅಂತ ಹೇಳುವ ಹಾಳೆ. ಕೆಲಸ ಮುಗಿದ ಮೇಲೆ ಅದನ್ನು ಸೀಟಿನ ಸ್ಪ್ರಿಂಗಿಗೋ ಕಾರ್ಪೆಟ್ ಕೆಳಗೋ ಸಿಕ್ಕಿಸಿಬಿಡುತ್ತಿದ್ದರು. ಶೆವರ್ಲೆ, ಪಾಂಟಿಯಾಕ್ ಥರದ ಜನರಲ್ ಮೋಟಾರ್ಸ್ ಕಾರುಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮೇಲೆ ಅಂಟಿಸಿರುತ್ತಿದ್ದರು. ಗೆಳೆಯರ ಕಾರಿನ ಹಿಂದಿನ ಸೀಟು ಬಿಚ್ಚಿದ ದಿನ ನಾನೂ ಇದ್ದೆ. ಧೂಳು, ಇಲಿ ಹಿಕ್ಕೆ, ಒಂದು ಹಳೆಯ ಬಾಚಣಿಗೆ. ಸ್ಪ್ರಿಂಗಿನ ನಡುವೆ ಕಂದು ಬಣ್ಣಕ್ಕೆ ತಿರುಗಿದ ಹಾಳೆ. ಒಂದು ಮೂಲೆ ಇಲಿ ತಿಂದಿತ್ತು. ಸುಟ್ಟ ಹಪ್ಪಳ ಎತ್ತುವ ಹಾಗೆ ಎರಡು ರಟ್ಟಿನ ನಡುವೆ ಇಟ್ಟು ಎತ್ತಿದೆವು. ಎಂಜಿನ್, ಗೇರಿನ ಜಾಗ ಉಳಿದಿತ್ತು. ಬಣ್ಣದ ಜಾಗ ಹೋಗಿತ್ತು. ಗೆಳೆಯರು ಏನೂ ಮಾತಾಡಲಿಲ್ಲ, ಆ ಹಾಳೆಯನ್ನೇ ನೋಡುತ್ತಾ ಕೂತರು. ಐವತ್ತು ವರ್ಷದ ಹಿಂದೆ ಯಾರೋ ಕೆಲಸಗಾರ ಕೈಯಲ್ಲಿ ಹಿಡಿದ ಹಾಳೆ ಅಲ್ವಾ.

ಒಂದು ಎಚ್ಚರಿಕೆ ಹೇಳಬೇಕು. ಈಗ ಹೊಸ ತಗಡು ಒತ್ತಿಸಿಕೊಡುವವರು ಇದ್ದಾರೆ. ತಗಡು, ಹಾಳೆ, ಎಂಜಿನ್ ಮೇಲೆ ಒತ್ತಿದ ನಂಬರ್, ಇವೆಲ್ಲ ಒಂದಕ್ಕೊಂದು ಸರಿಹೊಂದಿದರೆ ಮಾತ್ರ ಆ ಕಾರನ್ನು ಎಣಿಕೆಗೆ ಸೇರಿಸಿ. ಶೆವರ್ಲೆಯಲ್ಲಿ ಇದು ಇನ್ನೂ ಮುಖ್ಯ. ಅವರ 1970ರ ಶೆವೆಲ್ ಅನ್ನುವ ಕಾರಿನ ಚಾಸಿ ನಂಬರ್ ನೋಡಿದರೆ ವಿ8 ಕಾರು, ಕನ್ವರ್ಟಿಬಲ್ ಅಂತ ಗೊತ್ತಾಗುತ್ತದೆ. ಯಾವ ವಿ8 ಅಂತ ಗೊತ್ತಾಗುವುದಿಲ್ಲ. ಸಾಧಾರಣ ಎಂಜಿನ್ನಿನ ಕಾರಿಗೆ ದೊಡ್ಡದು ಕೂರಿಸಿ ಮಾರುವುದಕ್ಕೆ ದಾರಿ ಆದದ್ದೇ ಹೀಗೆ.

ಈಗ ಶೆವೆಲ್‌ನದೇ ಒಂದು ಲೆಕ್ಕ ಮಾಡೋಣ. 1970ರಲ್ಲಿ ಎಲ್‌ಎಸ್6 ಅನ್ನುವ 454 ಎಂಜಿನ್ ಬಂತು. ಕಂಪನಿ ಹೇಳಿದ ಶಕ್ತಿ 450 ಹಾರ್ಸ್‌ಪವರ್. ಅದು ಮಾರಾಟವಾದದ್ದು 4,475. ಈ ಮೊತ್ತದಲ್ಲಿ ಹಾರ್ಡ್‌ಟಾಪ್, ಕನ್ವರ್ಟಿಬಲ್, ಹಿಂದೆ ತೊಟ್ಟಿ ಇರುವ ಎಲ್ ಕಮೀನೊ, ಎಲ್ಲವೂ ಸೇರಿವೆ. ಹಾಗಾದರೆ ಎಲ್‌ಎಸ್6 ಕನ್ವರ್ಟಿಬಲ್ ಎಷ್ಟು? ಕಾರ್ಖಾನೆಯ ಅಂಕಿ ಇಲ್ಲ.

ನಾನು ಏನು ಮಾಡಿದೆ ಅಂದರೆ, ಅಂಕಿ ಗೊತ್ತಿರುವ ಅದೇ ಜಾತಿಯ ಕಾರುಗಳನ್ನು ಹುಡುಕಿದೆ. ವೇಗಕ್ಕೆ ಅಂತಲೇ ಕೊಂಡ ಜನರಲ್ಲಿ ಎಷ್ಟು ಪಾಲು ಕನ್ವರ್ಟಿಬಲ್ ಕೇಳಿದರು? 1969ರ ಪಾಂಟಿಯಾಕ್ ಟ್ರಾನ್ಸ್ ಆ್ಯಮ್: 697ರಲ್ಲಿ 8. ಅದೇ ವರ್ಷದ ಜಿಟಿಒ ಜಡ್ಜ್: 6,833ರಲ್ಲಿ 108. 1970ರ ಹೆಮಿ ಕುಡಾ: ಹಾರ್ಡ್‌ಟಾಪ್ 652, ಕನ್ವರ್ಟಿಬಲ್ 14. 1970ರ ಜಡ್ಜ್: 3,797ರಲ್ಲಿ 168. 1971ರ ಜಡ್ಜ್: 374ರಲ್ಲಿ 17.

ಈ ಪಾಲನ್ನು 4,475ಕ್ಕೆ ಹಚ್ಚಿ ನೋಡಿ. ಟ್ರಾನ್ಸ್ ಆ್ಯಮ್ ಪ್ರಕಾರ 51. 1969ರ ಜಡ್ಜ್ ಪ್ರಕಾರ 71. ಹೆಮಿ ಕುಡಾ ಪ್ರಕಾರ 94. ಆಮೇಲಿನ ಎರಡು ಜಡ್ಜ್‌ಗಳ ಪ್ರಕಾರ ಸುಮಾರು 200. ಒಂದೇ ಪ್ರಶ್ನೆ, ಐವತ್ತರಿಂದ ಇನ್ನೂರರವರೆಗೆ ಉತ್ತರ. ಎಲ್ ಕಮೀನೊಗಳನ್ನು ಮೊತ್ತದಿಂದ ಕಳೆದರೆ ಎಲ್ಲವೂ ಇನ್ನೂ ಸ್ವಲ್ಪ ಕೆಳಗೆ ಬರುತ್ತವೆ. ನನ್ನ ಮನಸ್ಸು ಕೆಳಗಿನ ತುದಿಯ ಕಡೆ ವಾಲುತ್ತದೆ. ಕನ್ವರ್ಟಿಬಲ್ ತೂಕ ಜಾಸ್ತಿ, ಬಾಡಿ ಬಿಗಿ ಕಡಿಮೆ. ಓಟಕ್ಕೆ ಅಂತ ಅತಿ ದೊಡ್ಡ ಎಂಜಿನ್ ಕೇಳುವವರು ಅದನ್ನು ಬಿಡುವುದೇ ಹೆಚ್ಚು. ಜಡ್ಜ್ ಅಷ್ಟು ಕಟ್ಟಾ ಓಟದ ಕಾರು ಆಗಿರಲಿಲ್ಲ. ಆದರೆ ಇದು ನನ್ನ ಅಭಿಪ್ರಾಯ. ಯಾರಾದರೂ ನಿಮಗೆ ಈ ಕಾರಿನ ಬಗ್ಗೆ ಕರಾರುವಾಕ್ಕಾಗಿ ಒಂದೇ ಅಂಕಿ ಹೇಳಿದರೆ, ಎಲ್ಲಿಂದ ತಂದಿರಿ ಅಂತ ವಿನಯದಿಂದಲೇ ಕೇಳಿ.

ಇನ್ನು ಎಲ್ಲರೂ ಮಾಡುವ ಗುಣಾಕಾರದ ಲೆಕ್ಕ. ಹತ್ತು ಸಾವಿರ ಕಾರು ಅಂತ ಇಟ್ಟುಕೊಳ್ಳಿ. ನೂರಕ್ಕೆ 10 ನೇರಳೆ, ನೂರಕ್ಕೆ 20 ಬಿಳಿ ವಿನೈಲ್ ಹೊದಿಕೆ, ನೂರಕ್ಕೆ 5 ಒಂದು ವಿಶೇಷ ಸೀಟು. ಗುಣಿಸಿದರೆ ಹತ್ತೇ ಕಾರು. ‘ಹತ್ತರಲ್ಲಿ ಒಂದು’ ಅಂತ ರಟ್ಟು ಸಿದ್ಧ.

ಇದರಲ್ಲಿ ತಪ್ಪೇನು ಅಂತ ಹೇಳಲು ಬೆಂಗಳೂರಿನ ಒಂದು ದರ್ಶಿನಿಗೆ ಹೋಗೋಣ. ಬೆಳಿಗ್ಗೆ ನೂರು ಜನ ಬಂದರು. 50 ಜನ ಇಡ್ಲಿ ತಗೊಂಡರು, 40 ಜನ ವಡೆ ತಗೊಂಡರು. ಎರಡೂ ತಗೊಂಡವರೆಷ್ಟು? ಗುಣಾಕಾರ 20 ಅನ್ನುತ್ತದೆ. ಕ್ಯಾಶ್ ಕೌಂಟರಿನಲ್ಲಿ ಕೂತವರನ್ನು ಕೇಳಿ, ಅದಕ್ಕಿಂತ ಎಷ್ಟೋ ಜಾಸ್ತಿ ಅನ್ನುತ್ತಾರೆ. ಇಡ್ಲಿ-ವಡೆ ಒಂದೇ ಉಸಿರಿನಲ್ಲಿ ಹೇಳುವ ತಿಂಡಿ ಅಲ್ವಾ! ಇಡ್ಲಿ, ಪೂರಿ ಎರಡೂ ತಗೊಂಡವರನ್ನು ಹುಡುಕಿದರೆ ಗುಣಾಕಾರ ಹೇಳಿದ್ದಕ್ಕಿಂತ ಕಡಿಮೆ ಸಿಗುತ್ತಾರೆ. ಒಂದು ತಿಂದವರಿಗೆ ಇನ್ನೊಂದು ಬೇಡ.

ಕಾರಿನಲ್ಲೂ ಹೀಗೇ. 1970ರ ಕುಡಾದಲ್ಲಿ ಹೆಮಿಯ ಜೊತೆ ಫೋರ್ ಸ್ಪೀಡ್ ಗೇರ್ ಬರೆಸಿದರೆ ಹಿಂದೆ ಡಾನಾ 60 ಅನ್ನುವ ಗಟ್ಟಿಮುಟ್ಟಾದ ಆಕ್ಸಲ್ ಬಂದೇ ಬರುತ್ತಿತ್ತು. ಅದನ್ನು ಬೇರೆ ಅಪರೂಪ ಅಂತ ಗುಣಿಸುವ ಹಾಗಿಲ್ಲ. ಹೆಮಿಗೆ ಏರ್ ಕಂಡೀಷನ್ ಕೊಡುತ್ತಲೇ ಇರಲಿಲ್ಲ. ಗುಣಿಸಿದರೆ ಕೆಲವು ಕಾರು ಇವೆ ಅನ್ನುತ್ತದೆ, ನಿಜದಲ್ಲಿ ಸೊನ್ನೆ. ಹಾಗಾಗಿ ಗುಣಿಸುವ ಮೊದಲು ಆ ವರ್ಷದ ಆರ್ಡರ್ ಪುಸ್ತಕ ಓದಬೇಕು. ಯಾವುದು ಯಾವುದರ ಜೊತೆ ಕಡ್ಡಾಯ, ಯಾವುದು ಕೂಡದು ಅಂತ ಅಲ್ಲಿ ಬರೆದಿರುತ್ತದೆ.

ಗುಣಾಕಾರವನ್ನು ಕೆಡಿಸುವ ಇನ್ನೊಂದು ಕಾರಣ ಇದೆ. 1969ರ ಶೆವರ್ಲೆ ಕಮಾರೊ ಝಡ್‌ಎಲ್1 ಕಥೆ ನಿಮ್ಮಲ್ಲಿ ಕೆಲವರು ಕೇಳಿರಬಹುದು. ಪೂರ್ತಿ ಅಲ್ಯುಮಿನಿಯಂನ 427 ಎಂಜಿನ್. ಆ ವರ್ಷ ಕಮಾರೊ ತಯಾರಾದದ್ದು 2,43,085. ಅದರಲ್ಲಿ ಝಡ್‌ಎಲ್1 ಬರೀ 69. ಇಲಿನಾಯ್ ರಾಜ್ಯದ ಲಾ ಹಾರ್ಪ್ ಅನ್ನುವ ಸಣ್ಣ ಊರಿನ ಡೀಲರ್ ಫ್ರೆಡ್ ಗಿಬ್, ಡ್ರ್ಯಾಗ್ ಓಟದ (ನೇರ ದಾರಿಯ ಪಂದ್ಯದ) ನಿಯಮಕ್ಕೆ 50 ಕಾರು ಬೇಕು ಅಂತ ಒಬ್ಬರೇ 50 ಬರೆಸಿದರು. ಎಂಜಿನ್ ಒಂದಕ್ಕೇ 4,160 ಡಾಲರ್. ಕಾರಿನ ಬೆಲೆ 7,200 ದಾಟಿತು. ಅಷ್ಟು ದುಡ್ಡು ಕೊಡುವವರು ಸಿಗಲಿಲ್ಲ. 13 ಮಾರಿ 37 ವಾಪಸ್ ಕಳಿಸಿದರು. ಈಗ ಯೋಚಿಸಿ, ಈ 69 ಕಾರುಗಳಲ್ಲಿ ಬಣ್ಣ, ಗೇರುಗಳ ಹಂಚಿಕೆ ಅರವತ್ತೊಂಬತ್ತು ಗಿರಾಕಿಗಳ ಮನಸ್ಸು ತೋರಿಸುವುದಿಲ್ಲ. ಹೆಚ್ಚಿನ ಪಾಲು ಒಬ್ಬ ಡೀಲರ್ ಬರೆಸಿದ್ದು. ಕಮಾರೊಗಳ ಸಾಮಾನ್ಯ ಪಾಲು ಹಿಡಿದು ಇಲ್ಲಿ ಲೆಕ್ಕ ಹಾಕಿದರೆ ಬುಡವೇ ಇಲ್ಲ.

ಇದನ್ನು ಹೇಳುವಾಗ ಇನ್ನೊಂದು ಮಾತು ನೆನಪಾಗುತ್ತದೆ. ಇವತ್ತು ನಾವು ಅಪರೂಪ ಅಂತ ಎದೆಗೆ ಒತ್ತಿಕೊಳ್ಳುವ ಕಾರು ಅವತ್ತು ಯಾರೂ ಕೊಳ್ಳದೆ ಅಪರೂಪ ಆದದ್ದು. 1970ರಲ್ಲಿ ಕುಡಾಗೆ ಹೆಮಿ ಎಂಜಿನ್ ಹಾಕಿಸಲು 871 ಡಾಲರ್ ಜಾಸ್ತಿ. ಕಾರಿನ ಮೂಲ ಬೆಲೆಯ ಕಾಲು ಭಾಗಕ್ಕಿಂತ ಹೆಚ್ಚು. ಮೇಲೆ ಇನ್ಶೂರೆನ್ಸ್ ಹೊರೆ ಬೇರೆ. ಇಪ್ಪತ್ತೆರಡರ ಹುಡುಗ ಎಲ್ಲಿಂದ ಕೊಟ್ಟಾನು?

ಸರಿ, ದಾಖಲೆ ಇಲ್ಲ, ಗುಣಾಕಾರವೂ ಆಗದು ಅಂದರೆ ಉಳಿಯುವುದು ಪಟ್ಟಿ. ಆಸಕ್ತರು ಸೇರಿ ಉಳಿದಿರುವ ಕಾರುಗಳ ತಗಡು, ಹಾಳೆ ನೋಡಿ ದಾಖಲಿಸುತ್ತಾ ಹೋಗುತ್ತಾರೆ. ಇದೇ ನನ್ನ ಕಸುಬಿಗೆ ಹತ್ತಿರದ್ದು.

1970ರ ಹೆಮಿ ಕುಡಾ ಹಾರ್ಡ್‌ಟಾಪ್ 652ರಲ್ಲಿ ಫೋರ್ ಸ್ಪೀಡ್ 284, ಆಟೊಮ್ಯಾಟಿಕ್ 368. ಇದು ಗೊತ್ತಿರುವ ಅಂಕಿ. ಒಂದು ಪಟ್ಟಿಯಲ್ಲಿ ಫೋರ್ ಸ್ಪೀಡಿನ 120 ಕಾರು ಇವೆ, ಅದರಲ್ಲಿ ಒಂದು ಬಣ್ಣದವು 6 ಅಂತ ಭಾವಿಸಿ. ಇದು ಲೆಕ್ಕಕ್ಕೆ ಅಂತ ನಾನು ಇಟ್ಟುಕೊಂಡ ಸಂಖ್ಯೆ. ನೂರಕ್ಕೆ 5 ಆಯಿತು. 284ರಲ್ಲಿ ಸುಮಾರು 14. ಆದರೆ ಇಲ್ಲಿಗೆ ನಿಲ್ಲಿಸಬಾರದು. ನೋಡದೆ ಉಳಿದ 164 ಕಾರುಗಳಲ್ಲಿ ಆ ಬಣ್ಣದವು ಬಹಳ ಕಡಿಮೆ ಇರಬಹುದು, ಜಾಸ್ತಿಯೂ ಇರಬಹುದು. ಪಟ್ಟಿಗೆ ಬಂದ 120 ಕಾರು ಚೀಟಿ ಎತ್ತಿದ ಹಾಗೆ ಬಂದಿದ್ದರೆ, ನೂರಕ್ಕೆ 95 ಪಾಲು ನಂಬಿಕೆಯಿಂದ ಹೇಳಬಹುದಾದದ್ದು ಸುಮಾರು 7ರಿಂದ 26ರ ನಡುವೆ ಅಂತ. ಪಟ್ಟಿ ನೋಡಿದವರು ‘6 ಮಾತ್ರ’ ಅಂತ ರಟ್ಟು ಬರೆಯುತ್ತಾರೆ. ಅದು ಕಂಡ ಸಂಖ್ಯೆ. ತಯಾರಾದ ಸಂಖ್ಯೆ ಅಂತ ಓದಿದರೆ ಗೆಳೆಯರಿಗೆ ಆದದ್ದೇ ಆಗುತ್ತದೆ.

ಒಂದೂ ಕಾಣದಿದ್ದರೆ? ‘ಮುನ್ನೂರು ಕಾರು ನೋಡಿದೆ ಸಾರ್, ಇಂಥದ್ದು ಒಂದೂ ಇಲ್ಲ, ನನ್ನದೊಂದೇ’ ಅನ್ನುವವರಿಗೆ ಒಂದು ಸುಲಭ ಸೂತ್ರ ಇದೆ. ನೋಡಿದ ಸಂಖ್ಯೆಯಿಂದ 3 ಅನ್ನು ಭಾಗಿಸಿ. 3 ಭಾಗ 300, ಅಂದರೆ ನೂರಕ್ಕೆ 1. ಅಷ್ಟರವರೆಗೆ ಇದ್ದರೂ ನಿಮ್ಮ ಕಣ್ಣಿಗೆ ಒಂದೂ ಬೀಳದಿರುವುದು ಸಾಧ್ಯ. ಒಟ್ಟು ಹತ್ತು ಸಾವಿರ ತಯಾರಾಗಿದ್ದರೆ ಆ ನೂರಕ್ಕೆ ಒಂದು ಅಂದರೆ ನೂರು ಕಾರು. ನಾನು ಇದನ್ನು ಹೇಳಿದಾಗ ಗೆಳೆಯರು ಇನ್ನೊಮ್ಮೆ ಹೇಳಿಸಿ, ಬರೆದುಕೊಂಡರು.

ಚೀಟಿ ಎತ್ತಿದ ಹಾಗೆ ಅಂದೆನಲ್ಲ, ಪಟ್ಟಿಗಳು ಹಾಗೆ ಬರುವುದಿಲ್ಲ ಅನ್ನುವುದೇ ತೊಡಕು. ಬೆಲೆ ಬಾಳುವ ಬಣ್ಣದ ಕಾರನ್ನು ಯಜಮಾನರು ಓಡಿಬಂದು ದಾಖಲಿಸುತ್ತಾರೆ. ಕಂದು ಬಣ್ಣದ ಆಟೊಮ್ಯಾಟಿಕ್ ಯಾವುದೋ ಕೊಟ್ಟಿಗೆಯಲ್ಲಿ ಟಾರ್ಪಾಲು ಹೊದ್ದು ಮಲಗಿರುತ್ತದೆ. ಉಳಿವಿನ ಕಥೆಯೂ ಸಮ ಇಲ್ಲ. ಫೋರ್ ಸ್ಪೀಡಿನ ಕಾರುಗಳು ಓಟದಲ್ಲಿ ಹೆಚ್ಚು ಹಾಳಾದವು, ಆದರೆ ಉಳಿದವನ್ನು ಜನ ಹೆಚ್ಚು ಜೋಪಾನ ಮಾಡಿದರು. ಬಣ್ಣ ಬದಲಾಯಿಸಿದ ಕಾರು ಎಷ್ಟೋ. ಹಾಗಾಗಿ ತಗಡು ನೋಡದೆ ಮೈಬಣ್ಣ ನೋಡಿ ಬರೆದ ಪಟ್ಟಿಯನ್ನು ನಾನು ಲೆಕ್ಕಕ್ಕೆ ತಗೊಳ್ಳುವುದಿಲ್ಲ.

ಚಾಸಿ ನಂಬರಿನಿಂದಲೇ ಲೆಕ್ಕ ಹಾಕಬಹುದಲ್ಲ ಅಂತ ಯಾರಾದರೂ ಕೇಳುತ್ತೀರಿ. ಎರಡನೇ ಮಹಾಯುದ್ಧದಲ್ಲಿ ಇದನ್ನೇ ಮಾಡಿದರು. ಜರ್ಮನಿ ತಿಂಗಳಿಗೆ ಎಷ್ಟು ಟ್ಯಾಂಕ್ ಮಾಡುತ್ತಿದೆ ಅನ್ನುವುದು ಬ್ರಿಟನ್, ಅಮೆರಿಕಕ್ಕೆ ತಿಳಿಯಬೇಕಿತ್ತು. ಸಿಕ್ಕ ಟ್ಯಾಂಕುಗಳ ಬಿಡಿಭಾಗದ ನಂಬರುಗಳನ್ನು ಗಣಿತದವರು ಬರೆದುಕೊಂಡರು. ಅತಿ ದೊಡ್ಡ ನಂಬರ್ ಯಾವುದು, ಎಷ್ಟು ನಂಬರ್ ಸಿಕ್ಕಿದೆ, ಇಷ್ಟರಿಂದಲೇ ಒಟ್ಟು ಅಂದಾಜು. 1942ರ ಆಗಸ್ಟ್‌ಗೆ ಗೂಢಚಾರರ ಅಂದಾಜು 1,550. ಗಣಿತದವರದು 327. ಯುದ್ಧ ಮುಗಿದ ಮೇಲೆ ಜರ್ಮನ್ ಕಡತ ತೆಗೆದು ನೋಡಿದರೆ 342! ಈ ಕಥೆ ಎಷ್ಟು ಸಲ ಹೇಳಿದರೂ ನನಗೆ ರೋಮಾಂಚನ ಆಗುತ್ತದೆ.

ಆದರೆ ನಮ್ಮ ಕಾರಿಗೆ ಇದು ಅರ್ಧ ಮಾತ್ರ ಉಪಯೋಗ. ಚಾಸಿ ನಂಬರಿನ ಕೊನೆಯ ಅಂಕಿಗಳು ಆ ಕಾರ್ಖಾನೆಯಿಂದ ಹೊರಟ ಎಲ್ಲ ಕಾರುಗಳ ಸರದಿ. ಹೆಮಿಗೆ ಬೇರೆ ಸರದಿ ಇರಲಿಲ್ಲ. ಒಟ್ಟು ಉತ್ಪಾದನೆ ತಿಳಿಯಬಹುದು, ಜೋಡಣೆಯ ಎಣಿಕೆ ತಿಳಿಯದು.

ಈಗ ಎಷ್ಟು ಉಳಿದಿವೆ ಅನ್ನುವುದು ಬೇರೆಯದೇ ಪ್ರಶ್ನೆ. ಅದಕ್ಕೆ ಕೆರೆಯ ಮೀನು ಎಣಿಸುವವರ ವಿಧಾನ ಒಪ್ಪುತ್ತದೆ. ಒಂದು ಸಲ ಬಲೆ ಬೀಸಿ ಸಿಕ್ಕ ಮೀನಿಗೆ ಗುರುತು ಮಾಡಿ ಬಿಡುತ್ತಾರೆ. ಇನ್ನೊಂದು ಸಲ ಬಲೆ ಬೀಸಿ ಗುರುತಿನವು ಎಷ್ಟು ಅಂತ ನೋಡುತ್ತಾರೆ. ಒಂದು ಪಟ್ಟಿಯಲ್ಲಿ 40 ಕಾರು, ಬೇರೆಯವರು ಮಾಡಿದ ಪಟ್ಟಿಯಲ್ಲಿ 30, ಎರಡರಲ್ಲೂ ಇರುವವು 12 ಅಂತ ಇಟ್ಟುಕೊಳ್ಳಿ. 40 ಗುಣಿಸು 30, ಭಾಗ 12. ನೂರು ಉಳಿದಿವೆ ಅಂತ ಅಂದಾಜು. ಎಲ್ಲ ಮೇಳಕ್ಕೂ ಹೋಗುವ ಉತ್ಸಾಹಿಗಳ ಕಾರು ಎರಡೂ ಪಟ್ಟಿಯಲ್ಲಿ ಬೀಳುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಮೇಲೇ ಇರುತ್ತದೆ.

ಗೆಳೆಯರ ಕಾರಿಗೆ ಕೊನೆಗೆ ಏನು ಮಾಡಿದೆವು ಅಂತ ಹೇಳುತ್ತೇನೆ. ಹಳೆಯ ರಟ್ಟು ತೆಗೆದು ಹೊಸದು ಬರೆದೆವು. ಯಾವ ನಾಲ್ಕು ಅಂಶ ಎಣಿಸಿದ್ದೇವೆ, ಮೊದಲ ಸಾಲು. ಯಾವ ತಗಡು, ಯಾವ ಹಾಳೆಯಿಂದ ಗೊತ್ತಾಯಿತು, ಹಾಳೆಯಲ್ಲಿ ಯಾವ ಜಾಗ ಹೋಗಿದೆ, ಎರಡನೆಯ ಸಾಲು. ಅಂದಾಜು ಎಷ್ಟರಿಂದ ಎಷ್ಟರವರೆಗೆ, ಮೂರನೆಯದು. ಕೊನೆಗೆ ‘ಇದುವರೆಗೆ ಕಂಡದ್ದು 6’. ಆ 6ನ್ನು ಗೆಳೆಯರು ಪೆನ್ಸಿಲಿನಲ್ಲಿ ಬರೆದರು.

ಆ ವರ್ಷದ ಆಗಸ್ಟ್‌ನಲ್ಲಿ ವುಡ್‌ವರ್ಡ್ ಪಕ್ಕ ಕಾರು ನಿಲ್ಲಿಸಿ ಕೂತಿದ್ದೆವು. ಟೋಪಿ ಹಾಕಿದ ಒಬ್ಬರು ಹಿರಿಯರು ಬಂದು ರಟ್ಟನ್ನು ಎರಡು ಸಲ ಓದಿದರು. ಕಾರಿನ ಸುತ್ತ ಒಂದು ಸುತ್ತು ಬಂದರು. ಆಮೇಲೆ ಮೆಲ್ಲಗೆ, ತಮ್ಮ ತೀರಿಹೋದ ಅಣ್ಣನ ಕಾರು ಮನೆಯ ಹಿಂದಿನ ಗ್ಯಾರೇಜಿನಲ್ಲಿದೆ, ಇದೇ ಥರದ್ದು, ಯಾವ ಪಟ್ಟಿಗೂ ಕೊಟ್ಟಿಲ್ಲ ಅಂದರು. ಮಾರನೇ ದಿನ ಹೋಗಿ ಬಾನೆಟ್ ಎತ್ತಿ ತಗಡಿನ ಧೂಳು ಒರೆಸಿ, ಕೆಳಗಿನ ಸಾಲಿನಿಂದ ಓದಿದೆವು. ಸರಿಯಾಗಿತ್ತು. ವಾಪಸ್ ಬಂದು ಗೆಳೆಯರು ರಬ್ಬರ್ ತಗೊಂಡು 6 ಅಳಿಸಿ 7 ಬರೆದರು.